ನಾನು ಒಂಟಿ ಅಲ್ಲ ಕಣ್ರಯ್ಯಾ!

ಬೋರಪ್ಪನವರ ಹೆಸರಿಗೆ ಒಂದು ಪೋಸ್ಟ್ ಕಾರ್ಡು ಬಂತು. ಅದು ಕವರಿನೊಳಗೆ ಬಂದಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ಕಾರ್ಡು ಅಂದರೆ ಬೀದಿ ನಲ್ಲಿ ಇದ್ದ ಹಾಗೆ, ಹಾದು ಹೋಗುವವರೆಲ್ಲ ಒಂದೊಂದು ಗುಟುಕು ಕುಡಿದೇ ಮುಂದೆ ಹೋಗುತ್ತಾರೆ. ಮೊದಲ ಗುಟುಕು ಪೋಸ್ಟ್‌ಮ್ಯಾನ್ ಗೌರೀಶನದು.

ಗೌರೀಶನದೂ ತಪ್ಪಿಲ್ಲ. ಅವನ ಚೀಲದಲ್ಲಿ ಬ್ಯಾಂಕಿನ ನೋಟೀಸು, ಆಧಾರ್ ಕಾರ್ಡು, ಯಾರೋ ಆನ್‌ಲೈನಿನಲ್ಲಿ ತರಿಸಿದ ಚಪ್ಪಲಿ, ಇಂಥವೇ ತುಂಬಿರುತ್ತಿದ್ದವು. ಒಬ್ಬ ಮನುಷ್ಯ ಇನ್ನೊಬ್ಬ ಮನುಷ್ಯನಿಗೆ ಕೈಯಲ್ಲಿ ಬರೆದ ಕಾರ್ಡನ್ನು ನೋಡಿ ಅವನಿಗೆ ಎಷ್ಟೋ ವರ್ಷವಾಗಿತ್ತು. ಹೊಳೆನರಸೀಪುರದ ಆ ಬೀದಿಯ ನಡುಮಧ್ಯೆ ಬೈಕು ನಿಲ್ಲಿಸಿ, ಗಂಟಲು ಸರಿಮಾಡಿಕೊಂಡು, ಜೋರಾಗಿ ಓದಿಯೇಬಿಟ್ಟ:

"ಪ್ರೀತಿಯ ಬೋರಪ್ಪ ತಾತನವರಿಗೆ ನಿಮ್ಮ ಮೊಮ್ಮಗಳಂತಿರುವ ರೂಪಶ್ರೀ ಮಾಡುವ ನಮಸ್ಕಾರಗಳು. ನಿಮಗೆ ಯಾರೂ ಇಲ್ಲವೆಂದು ತಿಳಿದು ಬಹಳ ದುಃಖವಾಯಿತು. ನೀವು ಒಬ್ಬರೇ ಕುಳಿತು ಗೋಡೆ ನೋಡುತ್ತಾ ಕಣ್ಣೀರು ಹಾಕಬೇಡಿ. ನಿಮ್ಮ ಒಂಟಿತನ ನೀಗಿಸಲು ನಾವಿದ್ದೇವೆ. ಇಂತಿ, ಒಂಬತ್ತನೇ ತರಗತಿ, ಅರಕಲಗೂಡು."

ಜಗಲಿಯ ಮೇಲೆ ಕಾಫಿ ಹೀರುತ್ತಿದ್ದ ಬೋರಪ್ಪನವರಿಗೆ ಅದು ನೆತ್ತಿಗೆ ಹತ್ತಿತು.

"ಯಾರ್ಲಾ ಅದು, ನಮ್ಮನೆ ಮುಂದೆ ರೇಡಿಯೋ ಆಕಿರೋದು?"

"ನಿಮ್ಗೇ ಸಾ. ಯಾವ್ದೋ ಸ್ಕೂಲ್ ಮಗಾ ಬರ್ದೈತೆ. ಓದ್ತಾ ಓದ್ತಾ ನಂಗೇ ಕಣ್ಣಲ್ಲಿ ನೀರು ಬಂದ್ಬುಡ್ತು ಸಾ."

"ನಿನ್ ಕಣ್ಣು ಒರೆಸ್ಕೊಂಡು ಕಾರ್ಡು ಕೊಟ್ಟು ಓಗ್ತಾ ಇರು!"

ಗೌರೀಶ ಕೊಟ್ಟ. ಆದರೆ ಕೊಡುವ ಮೊದಲು ಮೊಬೈಲಿನಲ್ಲಿ ಅದರ ಫೋಟೋ ತೆಗೆದುಕೊಂಡಿದ್ದ.

ಬೋರಪ್ಪನವರಿಗೆ ಸಿಟ್ಟು ಬರಲು ಕಾರಣವಿತ್ತು. ಅವರು ಸರ್ಕಾರಿ ಬಸ್ಸಿನಲ್ಲಿ ಕಂಡಕ್ಟರಾಗಿದ್ದವರು. ಹಾಸನದಿಂದ ಚನ್ನರಾಯಪಟ್ಟಣ, ಹೊಳೆನರಸೀಪುರದಿಂದ ರಾಮನಾಥಪುರ ಅಂತ ಕೂದಲು ಬೆಳ್ಳಗಾಗುವವರೆಗೂ ಓಡಾಡಿದವರು. ಚಿಲ್ಲರೆ ಜಗಳ, ಕಿಟಕಿ ಜಗಳ, ಕೋಳಿಗೆ ಟಿಕೆಟ್ಟು ಯಾಕೆ ಅನ್ನುವ ಜಗಳ, ತಂಬಾಕಿನ ಹರಾಜಿಗೆ ಹೋಗುವವರ ರಾಜಕೀಯ, ಬೀಗರ ಮನೆಗೆ ಹೋಗುವವರ ಬೈಗುಳ, ಎಲ್ಲವೂ ಅವರ ಎರಡು ಕಿವಿಗಳ ಮೂಲಕವೇ ಹಾದುಹೋಗಿದ್ದವು. ಮದುವೆ ಯಾಕೆ ಆಗಲಿಲ್ಲ ಅಂತ ಯಾರಾದರೂ ಕೇಳಿದರೆ "ರಜಾ ಸ್ಯಾಂಕ್ಷನ್ ಆಗ್ಲಿಲ್ಲ" ಅನ್ನುತ್ತಿದ್ದರು. ರಿಟೈರ್ ಆದ ಮೇಲೆ ಈ ಪುಟ್ಟ ಮನೆ ಕೊಂಡು ಸೇರಿಕೊಂಡಿದ್ದರು. ಬೇರೆಯವರು ಒಬ್ಬಟ್ಟನ್ನು ಸವಿಯುವ ಹಾಗೆ ಅವರು ಮೌನವನ್ನು ಸವಿಯುತ್ತಿದ್ದರು. ಬೆಳಿಗ್ಗೆ ಜಗಲಿ, ಮಧ್ಯಾಹ್ನ ನಿದ್ದೆ, ಸಂಜೆ ಹೊಳೆ ದಂಡೆ. ಇಷ್ಟೇ. ಇದನ್ನು ಒಂಟಿತನ ಅಂತ ಕರೆದವರನ್ನು ಅವರು ಕ್ಷಮಿಸುವ ಹಾಗಿರಲಿಲ್ಲ.

ಕಾರ್ಡನ್ನು ಹರಿದು ಹಾಕೋಣ ಅಂತ ಎದ್ದರು. ಅಷ್ಟರಲ್ಲಿ ಎದುರು ಮನೆಯ ಸರಸಮ್ಮ ಮೊರದಲ್ಲಿದ್ದ ಅವರೆಕಾಯಿಯ ಸಮೇತ ಬೀದಿ ದಾಟಿ ಬಂದೇಬಿಟ್ಟರು.

"ಅಯ್ಯೋ ಸಿವ್ನೆ! ಗ್ವಾಡೆ ನೋಡ್ಕಂಡು ಅಳ್ತಿದ್ರಾ ಬೋರಣ್ಣ? ಎದ್ರುಗಡೆನೇ ಇದ್ದು ನಮ್ಗೆ ಗೊತ್ತಾಗ್ಲಿಲ್ವಲ್ಲ!"

"ಯಾರೂ ಅತ್ತಿಲ್ಲ ಸರಸಮ್ಮೋರೆ. ನಂಗೇನಾಗೈತೆ? ಗುಂಡ್ಕಲ್ಲಂಗಿವ್ನಿ."

"ಇಂಗೇ ಒಳಗೊಳಗೇ ನುಂಗ್ಕಂಡು ನುಂಗ್ಕಂಡು ನಮ್ ಚಿಕ್ಕಪ್ಪಂಗೆ ಅಲ್ಸರ್ ಆಯ್ತು. ಇವತ್ತು ನೀವು ಒಲೆ ಅಚ್ಚಂಗಿಲ್ಲ. ಮುದ್ದೆ, ಅವರೆಕಾಳು ಸಾರು ನಾನೇ ತತ್ತೀನಿ. ನೀವು ಉಣ್ಣೋವರ್ಗೂ ಇಲ್ಲೇ ಕೂತಿರ್ತೀನಿ."

"ಬ್ಯಾಡ ಕಣಮ್ಮ!"

"ನೋಡಿ, ದನಿ ನಡುಗ್ತಾ ಐತೆ," ಅಂದು ಸರಸಮ್ಮ ಜಗಲಿಯ ಮೇಲೆ ಮೊರ ಇಟ್ಟು ಕಾಯಿ ಸುಲಿಯಲು ಕೂತರು.

ದನಿ ನಡುಗಿದ್ದು ನಿಜ, ಸಿಟ್ಟಿನಿಂದ. ಆದರೆ ಅಳು ಬೇರೆ ಸಿಟ್ಟು ಬೇರೆ ಅಂತ ಆ ಬೀದಿಗೆ ತಿಳಿಸಿ ಹೇಳುವುದು ಹೇಗೆ? ಅಲ್ಲ ಅಂದಷ್ಟೂ "ಪಾಪ" ಅಂದರು. ಜೋರಾಗಿ ಅಲ್ಲ ಅಂದರೆ "ಪಾಪ, ಎಷ್ಟು ನೊಂದಿದಾರೆ" ಅಂದರು. ಸುಮ್ಮನಿದ್ದರೆ ಅದಕ್ಕಿಂತ ದೊಡ್ಡ ಸಾಕ್ಷಿಯೇ ಬೇಕಾಗಿರಲಿಲ್ಲ. ಗೌರೀಶನ ಫೋಟೋ ಅಷ್ಟರಲ್ಲಿ ಬೀದಿಯ ವಾಟ್ಸಾಪ್ ಗ್ರೂಪಿನಲ್ಲಿ ಕೈಮುಗಿಯುವ ಚಿತ್ರಗಳ ನಡುವೆ ಮೆರೆಯುತ್ತಿತ್ತು.

ಆ ಗ್ರೂಪು ನೋಡಿಯೇ ರಾಮಣ್ಣ ಹೊರಟರು. ರಾಮಣ್ಣ ಬೀದಿಯ ಭಜನಾ ಮಂಡಳಿಯ ಅಧ್ಯಕ್ಷರು. ಅವರು ಒಂದು ಸಲ ದನಿ ತೆಗೆದರೆ ಹೊಂಗೆ ಮರದ ಕಾಗೆಗಳು ಪಕ್ಕದ ತಾಲ್ಲೂಕಿಗೆ ವರ್ಗ ಕೇಳುತ್ತಿದ್ದವು. ಹಾರ್ಮೋನಿಯಂ, ತಾಳ, ದಮಡಿ, ಅರ್ಧ ಮಂಡಳಿ, ಎಲ್ಲ ಸೇರಿ ಬೋರಪ್ಪನವರ ಹಜಾರ ತುಂಬಿತು.

"ಏನ್ ಬೋರಪ್ನೋರೆ, ನಾವೆಲ್ಲ ಸತ್ತೋಗಿದ್ವಾ? ಒಂದ್ ಮಾತು ಏಳ್ಬಾರ್ದಾಗಿತ್ತಾ? ಇವತ್ತಿಂದ ಭಜ್ನೆ ನಿಮ್ಮನೇಲೇ. ದೇವಸ್ಥಾನದಾಗೆ ಕೇಳೋರು ಕಮ್ಮಿ."

"ರಾಮಣ್ಣೋರೆ, ಕೈ ಮುಗೀತೀನಿ, ನಂಗೆ ಮಧ್ಯಾನ ನಿದ್ದೆ..."

"ನಿದ್ದೆ ಬರಾಕಿಲ್ಲ ಅಂತ ನಂಗೊತ್ತು. ಒಂಟಿ ಇರೋರ್ಗೆ ಎಲ್ಲಿ ನಿದ್ದೆ? ಇಡ್ಕಳ್ರೋ ಶ್ರುತಿ!"

ಹಾರ್ಮೋನಿಯಂ ಕರು ಕಳೆದುಕೊಂಡ ಎಮ್ಮೆಯ ಹಾಗೆ ಒಂದು ಸಲ ಕೂಗಿತು. ಬೋರಪ್ಪನವರು ಅಡುಗೆಮನೆ ಕಡೆ ಸರಿದರು. ಅಲ್ಲಿ ಸರಸಮ್ಮ ಬೋರಪ್ಪನವರ ಒಲೆಯ ಮೇಲೇ ಸಾರು ಇಟ್ಟು, ಸೌಟು ಹಿಡಿದು ನಿಂತಿದ್ದರು.

"ಬೋರಣ್ಣ, ಒಂದ್ ಮಾತು ಏಳ್ತೀನಿ, ಕ್ವಾಪ ಮಾಡ್ಕಬ್ಯಾಡಿ. ಅಳ್ಳಿಮೈಸೂರ್ನಾಗೆ ನಮ್ ನಾದ್ನಿ ಅವ್ಳೆ. ಗಂಡ ಓಗಿ ಬಾಳ ಕಾಲ ಆಯ್ತು. ಆಸ್ತಿ ಐತೆ, ಆರೋಗ್ಯ ಐತೆ. ಮಾತು ವಸಿ ಜಾಸ್ತಿ ಅನ್ನೋದು ಬುಟ್ರೆ ಒಂದ್ ದೋಸ ಇಲ್ಲ. ಒಂದೇ ಸಮ ಮಾತಾಡ್ತಾಳೆ. ನಿಮ್ಗೆ ಬೇಜಾರೇ ಆಗಾಕಿಲ್ಲ. ಫೋನ್ ಮಾಡಿವ್ನಿ, ಮೂರ್ಗಂಟೆ ಬಸ್ಸಿಗೆ ಬತ್ತಾಳೆ."

ಬೋರಪ್ಪನವರು ಹಿತ್ತಲ ಬಾಗಿಲ ಕಡೆ ನೋಡಿದರು. ಹಿಂದೆ ಭಜನೆ, ಮುಂದೆ ಮದುವೆ.

"ಬಚ್ಚಲ ಕಡೆ ಓಗ್ಬತ್ತೀನಿ," ಅಂದರು. ಹಿತ್ತಲ ಬಾಗಿಲಿಂದ ನುಸುಳಿ, ಬಚ್ಚಲ ಚಪ್ಪಲಿಯಲ್ಲೇ, ಕಾರ್ಡನ್ನು ಜೇಬಿನಲ್ಲಿಟ್ಟುಕೊಂಡು ಬಸ್ ಸ್ಟ್ಯಾಂಡಿಗೆ ಓಡಿದರು. ಅರಕಲಗೂಡಿಗೆ ಹೋಗಿ, ಆ ಹುಡುಗಿಯ ಕೈಯಲ್ಲೇ 'ಬೋರಪ್ಪ ಒಂಟಿಯಲ್ಲ, ತಿಳಿಯದೆ ಬರೆದೆ' ಅಂತ ಬರೆಸಿಕೊಂಡು ಬಂದು, ಅದನ್ನೂ ಅದೇ ಗ್ರೂಪಿಗೆ ಹಾಕಿಸಿ, ಎಲ್ಲರ ಬಾಯಿ ಮುಚ್ಚಿಸುವುದು ಅಂತ ತೀರ್ಮಾನ ಮಾಡಿದ್ದರು.

ಬಸ್ಸು ರೆಡಿಯಿತ್ತು. ಕಂಡಕ್ಟರ್ ಸಂಜಯ್ ಹಿಂದೆ ಇವರ ಕೈಕೆಳಗೇ ಕೆಲಸ ಕಲಿತವನು.

"ಬೋರಣ್ಣ!" ಅಂತ ಬಸ್ಸಿನ ಹಿಂಬಾಗಿಲಿಂದಲೇ ಕೂಗಿದ. "ನಮ್ ಡಿಪೋ ಗ್ರೂಪ್ನಾಗೆ ನೋಡ್ದೆ ಕಣಣ್ಣ. ಒಟ್ಟೆ ಉರ್ದೋಯ್ತು. ನಮ್ಗೊಂದು ಫೋನ್ ಮಾಡಿದ್ರೆ ಬತ್ತಿರ್ಲಿಲ್ವಾ?"

"ಡಿಪೋಗೂ ಓಯ್ತಾ ಅದು?"

"ಹಾಸನಕ್ಕೇ ಓಗೈತೆ ಬುಡಣ್ಣ." ಆಮೇಲೆ ಬಸ್ಸಿನ ಒಳಗೆ ತಿರುಗಿ, ಸ್ಟಾಪ್ ಹೆಸರು ಕೂಗುವ ದನಿಯಲ್ಲಿ ಸಾರಿದ: "ಯಾರಾದ್ರೂ ಸೀಟ್ ಬುಡ್ರಮ್ಮ! ನಮ್ ಸೀನಿಯರ್ರು! ಇಂದಿಲ್ಲ ಮುಂದಿಲ್ಲ, ಒಬ್ರೇ ಅವ್ರೆ ಪಾಪ!"

ಬಸ್ಸಿನ ತುಂಬ ಹೆಂಗಸರು. ಅಷ್ಟೂ ಜನ ಒಟ್ಟಿಗೆ "ತ್ಚು ತ್ಚು" ಅಂದದ್ದು ಗೋಡೆ ತುಂಬ ಹಲ್ಲಿಗಳು ಲೊಚಗುಟ್ಟಿದ ಹಾಗೆ ಕೇಳಿತು. ಒಬ್ಬರು ಕಡ್ಲೆಕಾಯಿ ಕೊಟ್ಟರು. ಒಬ್ಬರು ತಮ್ಮ ಮಾವನ ಒಂಟಿತನದ ಕತೆ ಹೇಳಿದರು, ಅದು ಕೊನೆಗೆ ಅವರ ಅತ್ತೆಯ ಬೈಗುಳದಲ್ಲಿ ಮುಗಿಯಿತು. ಮೂರನೆಯವಳು, ಸಣ್ಣ ವಯಸ್ಸಿನ ತಾಯಿ, ತನ್ನ ಕೂಸನ್ನು ತಂದು ಅವರ ತೊಡೆಯ ಮೇಲೇ ಇಟ್ಟಳು.

"ಇಟ್ಕಳಿ ತಾತ. ಮಗು ಎತ್ಕಂಡ್ರೆ ಮನ್ಸಿಗೆ ಸಮಾಧಾನ ಆಯ್ತದೆ."

ಹಳ್ಳಿಮೈಸೂರು ದಾಟುವಷ್ಟರಲ್ಲಿ ಬೋರಪ್ಪನವರಿಗೆ ಸಮಾಧಾನ ಆಗಲಿಲ್ಲ. ಮಗು ಮಾತ್ರ ಅವರ ಪಂಚೆಯ ಮೇಲೆ ತನ್ನ ಸಮಾಧಾನ ಮಾಡಿಕೊಂಡಿತು.

ಅರಕಲಗೂಡಿನ ಆ ಹೈಸ್ಕೂಲಿನ ಗೇಟಿನೊಳಗೆ ಕಾಲಿಡುವಾಗ ಅವರು ಬಾಯಲ್ಲಿ ಮಾತು ಜೋಡಿಸಿಕೊಳ್ಳುತ್ತಿದ್ದರು. 'ಏನ್ರೀ ಮೇಷ್ಟ್ರೆ, ಯಾರ್ನ ಕೇಳಿ ನನ್ನ ಒಂಟಿ ಅಂತ ಬರೆಸಿದ್ರಿ?' ಎದುರಿಗೆ ಕನ್ನಡ ಮೇಷ್ಟ್ರು ಅಮರನಾಥ ಬಂದರು. ಬೋರಪ್ಪನವರು ಕಾರ್ಡನ್ನು ಅವರ ಮೂಗಿಗೆ ಹಿಡಿದರು. ಮೇಷ್ಟ್ರ ಮುಖ ಪೆಟ್ರೋಮ್ಯಾಕ್ಸಿನ ಹಾಗೆ ಬೆಳಗಿತು.

"ಬೋರಪ್ಪನವರಾ! ಬನ್ನಿ ಸಾರ್, ಬನ್ನಿ! ಇಷ್ಟು ಕಾರ್ಡು ಬರೆಸಿದ್ದೀನಿ, ಒಬ್ಬರೂ ಒಂದಕ್ಷರ ಉತ್ತರ ಬರೆದಿರಲಿಲ್ಲ. ನೀವು ಖುದ್ದಾಗಿ ಬಂದಿದ್ದೀರಿ!"

"ಮೇಷ್ಟ್ರೆ, ನಾನು ಬಂದಿರೋದು..."

ಮೇಷ್ಟ್ರ ಕಣ್ಣು ಒದ್ದೆಯಾದ ಪಂಚೆಯ ಮೇಲೆ ಬಿತ್ತು. ಪಕ್ಕದಲ್ಲಿದ್ದ ಡ್ರಿಲ್ ಮೇಷ್ಟ್ರ ಕಿವಿಯಲ್ಲಿ, "ದಾರಿಯುದ್ದಕ್ಕೂ ಅತ್ತುಕೊಂಡು ಬಂದಿದ್ದಾರೆ ಕಣ್ರೀ, ಪಂಚೆಯಲ್ಲೇ ಒರೆಸಿಕೊಂಡಿದ್ದಾರೆ," ಅಂದರು. ಬೆಲ್ಲು ಹೊಡೆಯಿತು. ನೋಡನೋಡುತ್ತಿದ್ದಂತೆ ಇಡೀ ಸ್ಕೂಲು ಮೈದಾನದಲ್ಲಿ ಸಾಲಾಗಿ ನಿಂತಿತು. ಯಾರೋ ಶಾಲು ಹೊದೆಸಿದರು. ಯಾರೋ ಕೈಗೆ ಮೈಕು ಕೊಟ್ಟರು.

ಮೈಕು ಕೈಗೆ ಬಂದದ್ದು ಬೋರಪ್ಪನವರಿಗೆ ಒಳ್ಳೆಯದೇ ಅನ್ನಿಸಿತು. ಬೆಳಗಿನಿಂದ ಒಬ್ಬರೂ ಅವರ ಮಾತನ್ನು ಪೂರ್ತಿ ಕೇಳಿರಲಿಲ್ಲ.

"ಮಕ್ಳೇ, ಕಿವಿಗೊಟ್ಟು ಕೇಳಿ! ನಾನು ಒಂಟಿ ಅಲ್ಲ! ಒಬ್ನೇ ಇರೋದು ಬೇರೆ, ಒಂಟಿಯಾಗಿರೋದು ಬೇರೆ! ನಾನು ಒಬ್ನೇ ಇರೋದು ನನ್ ಇಷ್ಟಕ್ಕೆ. ಬೇಕಾದಾಗ ಏಳ್ತೀನಿ, ಬೇಕಾದಾಗ ಮಲೀಕತ್ತೀನಿ, ಮಾತು ಬ್ಯಾಡ ಅಂದ್ರೆ ಬಾಯ್ ಮುಚ್ಕಂಡಿರ್ತೀನಿ. ಕೂದ್ಲು ಬೆಳ್ಳಗಾದ ತಕ್ಷಣ ಮನ್ಸ ಕೊರಗ್ತಾ ಕೂತಿರ್ಬೇಕು ಅಂತ ಎಲ್ಲಿ ಬರ್ದೈತೆ? ನನ್ನ ನೋಡಿ ಪಾಪ ಅನ್ಬ್ಯಾಡಿ! ನಂಗೆ ಯಾರ್ ಪಾಪಾನೂ ಬ್ಯಾಡ! ನಾನು ಒಂಟಿ ಅಲ್ಲ ಕಣ್ರಯ್ಯಾ!"

ಮಕ್ಕಳೆಲ್ಲ ಕತ್ತು ಎತ್ತಿ ಅವರನ್ನೇ ನೋಡಿದರು. ಬೋರಪ್ಪನವರಿಗೆ ಎದೆ ಹಗುರವಾಯಿತು. ಕೊನೆಗೂ ಮುಟ್ಟಿತು ಅಂದುಕೊಂಡರು. ಅಮರನಾಥ ಮೇಷ್ಟ್ರು ಮೈಕು ತೆಗೆದುಕೊಂಡರು.

"ಕೇಳಿದಿರಾ ಮಕ್ಕಳೇ? ಇವರು ಒಂಟಿ ಅಲ್ಲವಂತೆ! ನಿನ್ನೆಯವರೆಗೆ ಇದ್ದ ಒಂಟಿತನ ಇವತ್ತು ಎಲ್ಲಿ ಹೋಯಿತು? ಒಂದು ಕಾರ್ಡು! ನಿಮ್ಮ ಒಂದೇ ಒಂದು ಕಾರ್ಡು!"

ಚಪ್ಪಾಳೆ ಹೇಮಾವತಿ ಅಣೆಕಟ್ಟಿನ ಗೇಟು ತೆಗೆದ ಹಾಗೆ ನುಗ್ಗಿ ಬಂತು.

ಬೋರಪ್ಪನವರು ಶಾಲಿನೊಳಗೆ ಕುಸಿದು, ಮರದ ಕೆಳಗಿನ ಕಟ್ಟೆಯ ಮೇಲೆ ಕೂತರು. ಅಲ್ಲಿಗೆ ಎರಡು ಜಡೆಯ ಒಬ್ಬಳು ಹುಡುಗಿ ಬಂದು ನಿಂತಳು.

"ನಾನೇ ರೂಪಶ್ರೀ ತಾತ. ಬೈಯಿರಿ."

"ಬೈಯಾಕೇ ಬಂದಿದ್ದೆ ಕಣವ್ವ. ಈಗ ತ್ರಾಣ ಇಲ್ಲ. ಗ್ವಾಡೆ ನೋಡ್ಕಂಡು ಅಳ್ತೀನಿ ಅಂತ ಯಾಕೆ ಬರ್ದೆ?"

"ಅದು ಮೇಷ್ಟ್ರು ಬೋರ್ಡ್ ಮೇಲೆ ಬರೆದಿದ್ರು ತಾತ. ಎಲ್ಲಾರ್ದೂ ಅದೇ. ಹೆಸರು ಮಾತ್ರ ನಮ್ದು."

"ನನ್ ಹೆಸ್ರು ಯಾರ್ ಕೊಟ್ರು?"

ಹುಡುಗಿ ಜಡೆಯ ತುದಿ ತಿರುವಿದಳು. "ರಜೆಲಿ ನಮ್ ಅತ್ತೆ ಮನೆಗೆ ಹೊಳೆನರಸೀಪುರಕ್ಕೆ ಬಂದಿದ್ದೆ. ಹೋದ ಕಡೆ ಒಂಟಿ ವೃದ್ಧರ ಹೆಸರು ಬರ್ಕೊಂಡು ಬನ್ನಿ ಅಂದಿದ್ರು ಮೇಷ್ಟ್ರು. ನಿಮ್ ಬೀದೀಲಿ ಮನೆಮನೆ ಕೇಳ್ದೆ. ಎದುರು ಮನೆ ಅಜ್ಜಿ ನಿಮ್ಮನೆ ತೋರಿಸಿದ್ರು. ಭಜನೆ ತಾತನೂ ನಿಮ್ಮನೇನೇ ತೋರಿಸಿದ್ರು. ಪೋಸ್ಟ್‌ಮ್ಯಾನ್ ಮಾಮನೂ ಅಷ್ಟೆ."

"ಅಂಗೆ!" ಬೋರಪ್ಪನವರು ಹಲ್ಲು ಕಡಿದರು. "ಎಲ್ಲಾರೂ ಏಳಿದ್ರು ಅಂತ ಬರ್ಕಂಬುಟ್ಯಾ? ನನ್ನೊಂದ್ ಮಾತು ಕೇಳ್ಬಾರ್ದಾ?"

"ಕೇಳೋಕೆ ಬಂದಿದ್ದೆ ತಾತ. ಬಾಗ್ಲು ತಟ್ಟಿ, 'ಯಾರಿದೀರಾ?' ಅಂದೆ. ನೀವು ಒಳಗಿಂದ 'ಯಾರೂ ಇಲ್ಲ!' ಅಂತ ಕೂಗಿದ್ರಿ. ನಾನು ಹಂಗೇ ಬರ್ಕೊಂಡೆ."

ಬೋರಪ್ಪನವರು ಶಾಲಿನಿಂದ ಮುಖ ಒರೆಸಿಕೊಂಡರು. ಮಧ್ಯಾಹ್ನದ ನಿದ್ದೆಯಲ್ಲಿ ಯಾರು ಬಾಗಿಲು ತಟ್ಟಿದರೂ ಅವರು ಹಾಗೇ ಕೂಗುತ್ತಿದ್ದರು. ಎಷ್ಟೋ ಜನ ನಂಬಿ ವಾಪಸ್ಸು ಹೋಗಿಯೂ ಇದ್ದರು.

"ನನ್ಗೆ ಅರ್ಥ ಆಯ್ತು ತಾತ, ನೀವು ಮೈಕಲ್ಲಿ ಹೇಳಿದ್ದು," ಅಂದಳು ರೂಪಶ್ರೀ ಮೆಲ್ಲಗೆ. "ನಾನು ಹಾಸ್ಟೆಲ್‌ನಲ್ಲಿರೋದು. ಅಲ್ಲಿ ಬಾತ್‌ರೂಮಲ್ಲಿದ್ರೂ ಯಾರಾದ್ರೂ ಬಾಗ್ಲು ಕುಟ್ತಾನೇ ಇರ್ತಾರೆ. ಒಂದು ದಿನ, ಒಂದೇ ಒಂದು ದಿನ, ಯಾರೂ ಮಾತಾಡಿಸ್ದೆ ಸುಮ್ನೆ ಕೂತ್ಕೋಬೇಕು ಅಂತ ನಂಗೂ ಆಸೆ."

ಬೆಳಗಿನಿಂದ ಮೊದಲ ಸಲ ಬೋರಪ್ಪನವರಿಗೆ ಎದುರಿಗೆ ಒಂದು ಮನುಷ್ಯಜೀವ ಕಂಡ ಹಾಗಾಯಿತು. "ಕೂತ್ಕ ಬಾ ಇಲ್ಲಿ," ಅಂದರು. ಬೆಲ್ಲು ಹೊಡೆಯುವವರೆಗೆ ಇಬ್ಬರೂ ಆ ಕಟ್ಟೆಯ ಮೇಲೆ ಒಂದು ಮಾತೂ ಆಡದೆ ಕೂತಿದ್ದರು. ಇಬ್ಬರಿಗೂ ಹಿತವಾಗಿತ್ತು.

ಎದ್ದು ಹೋಗುವಾಗ ಹುಡುಗಿ ಹೇಳಿದಳು: "ನಾನಂತೂ ಇನ್ನು ಬರಿಯಲ್ಲ ತಾತ. ಆದ್ರೆ ಮೇಷ್ಟ್ರು ಬಿಡಲ್ಲ, ಬೇರೆ ಯಾರ ಕೈಲಾದ್ರೂ ಬರೆಸ್ತಾರೆ. ನಿಮ್ ಹೆಸರು ತೆಗೀಬೇಕು ಅಂದ್ರೆ ಅವರಿಗೆ ಬೇರೆ ಹೆಸರು ಕೊಡ್ಬೇಕು."

ಬೋರಪ್ಪನವರ ಕಣ್ಣು ಮಿಂಚಿತು. ಸ್ಟಾಫ್ ರೂಮಿಗೆ ಹೋದವರೇ ಮೇಷ್ಟ್ರ ಮುಂದೆ ಕುರ್ಚಿ ಎಳೆದುಕೊಂಡು ಕೂತರು.

"ಬರ್ಕಳಿ ಮೇಷ್ಟ್ರೆ. ನಮ್ ಬೀದಿಲಿ ನನಗಿಂತ ಕಷ್ಟದಲ್ಲಿರೋರು ಅವ್ರೆ. ನನ್ ಹೆಸ್ರು ಒಡ್ದಾಕಿ, ಅವ್ರದ್ದು ಆಕಿ. ಸರಸಮ್ಮ. ಮಾತಾಡಾಕೆ ಒಂದ್ ನರಪಿಳ್ಳೆ ಇಲ್ಲ, ಕಂಡೋರ್ ಮನೆ ಕಾಗ್ದ ಕೇಳಿಸ್ಕಂಡು ಕಾಲ ಕಳೀತಾವ್ರೆ."

"ಅಯ್ಯೋ ಪಾಪ," ಅಂದರು ಮೇಷ್ಟ್ರು ಬರೆದುಕೊಳ್ಳುತ್ತಾ.

"ರಾಮಣ್ಣ. ಭಜ್ನೆ ಆಡ್ತಾರೆ, ಕೇಳೋರೇ ಇಲ್ಲ. ಕೇಳೋರ್ನ ಉಡುಕ್ಕಂಡು ಮನೆ ಮನೆ ನುಗ್ತಾವ್ರೆ."

"ಛೆ ಛೆ."

"ಪೋಸ್ಟ್‌ಮ್ಯಾನ್ ಗೌರೀಶ. ಊರೋರ್ಗೆಲ್ಲಾ ಕಾಗ್ದ ಅಂಚ್ತಾನೆ, ಅವ್ನಿಗೆ ಇದುವರ್ಗೂ ಒಬ್ರೂ ಒಂದ್ ಕಾರ್ಡ್ ಬರ್ದಿಲ್ಲ."

ಮೇಷ್ಟ್ರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. "ವಯಸ್ಸು?"

"ರಿಟೈರಾಗಾಕೆ ಬಂದೈತೆ, ಬರ್ಕಳಿ." ಹೀಗೆ ಆ ಬೀದಿಯಲ್ಲಿ ತಲೆ ನೆರೆತವರು, ನೆರೆಯುವವರು, ಬಣ್ಣ ಹಾಕುವವರು, ಯಾರನ್ನೂ ಬಿಡದೆ ಬರೆಸಿ, ಶಾಲನ್ನು ಹೆಗಲಿಗೆ ಹಾಕಿಕೊಂಡು ಗೆದ್ದ ಪೈಲ್ವಾನನ ಹಾಗೆ ಬಸ್ಸು ಹತ್ತಿದರು. ಹುಡುಗಿಯ ಕೈಯಲ್ಲಿ ಬರೆಸಿಕೊಳ್ಳಬೇಕಾದ್ದು ಮರೆತೇಹೋಗಿತ್ತು. ನಾಳೆ ನಾಳಿದ್ದರಲ್ಲಿ ಗೌರೀಶ ಅದೇ ಬೀದಿಯಲ್ಲಿ ನಿಂತು 'ಯಾರೂ ಇಲ್ಲದ ಸರಸಮ್ಮ ಅಜ್ಜಿಗೆ' ಅಂತ ಓದುತ್ತಾನೆ. ಆಗ ಗೊತ್ತಾಗುತ್ತದೆ ಇವರಿಗೆಲ್ಲ, ಪಾಪ ಅನ್ನಿಸಿಕೊಳ್ಳುವುದು ಅಂದರೇನು ಅಂತ! ನೆನೆದು ನೆನೆದು ನಗುತ್ತಿದ್ದ ಅವರನ್ನು ಕಂಡು ಪಕ್ಕದ ಸೀಟಿನವರು ಎದ್ದು ಹಿಂದಕ್ಕೆ ಹೋದರು.

ಹಿತ್ತಲ ಬಾಗಿಲಿಂದ ಒಳಗೆ ಬಂದರೆ ಹಜಾರದಲ್ಲಿ ಭಜನೆಗೆ ಮಂಗಳಾರತಿ ಆಗುತ್ತಿತ್ತು. ಮನೆಯ ಯಜಮಾನ ಇಷ್ಟು ಹೊತ್ತು ಇರಲಿಲ್ಲ ಅನ್ನುವುದನ್ನು ಒಬ್ಬರೂ ಗಮನಿಸಿರಲಿಲ್ಲ. ಹಳ್ಳಿಮೈಸೂರಿನ ನಾದಿನಿ ಮಾತ್ರ ಕಾದು ಕಾದು, "ಬಚ್ಚಲಿಗೆ ಓಗಿ ಇಷ್ಟೊತ್ತು ಕೂರೋ ಗಂಡು ನಂಗೆ ಬ್ಯಾಡ" ಅಂತ ಹೇಳಿ ವಾಪಸ್ಸು ಬಸ್ಸು ಹತ್ತಿದ್ದಳಂತೆ. ರಾಮಣ್ಣ ಬೋರಪ್ಪನವರ ಕೈಗೂ ಒಂದು ದೊನ್ನೆ ಪ್ರಸಾದ ಕೊಟ್ಟು, "ಎಂಗಿತ್ತು?" ಅಂದರು. "ಇದ್ದಿದ್ದೇ ಗೊತ್ತಾಗ್ಲಿಲ್ಲ," ಅಂದರು ಬೋರಪ್ಪ.

ಕೆಲವು ದಿನ ಕಳೆದ ಮೇಲೆ ಗೌರೀಶ ಬಂದ. ಚೀಲದ ತುಂಬ ಕಾರ್ಡು. ಬೋರಪ್ಪನವರು ಆ ಬೆಳಿಗ್ಗೆ ಕಾಫಿ ಇನ್ನೊಂದು ಲೋಟ ಹೆಚ್ಚಿಗೆ ಮಾಡಿಕೊಂಡು, ಸಿನಿಮಾ ಟೆಂಟಿನಲ್ಲಿ ಮುಂದಿನ ಸಾಲು ಹಿಡಿದವರ ಹಾಗೆ ಜಗಲಿಯಲ್ಲಿ ಕಾದು ಕೂತಿದ್ದರು.

ಗೌರೀಶ ಮೊದಲು ಸರಸಮ್ಮನ ಕಾರ್ಡು ಓದಿದ. ಗೋಡೆ, ಕಣ್ಣೀರು, ನಾವಿದ್ದೇವೆ, ಎಲ್ಲ ಇತ್ತು. ಬೋರಪ್ಪನವರು ಸರಸಮ್ಮನ ಬಾಯಿಂದ ಬೆಂಕಿ ಬರುವುದನ್ನೇ ಕಾದರು.

ಸರಸಮ್ಮ ಕಾರ್ಡನ್ನು ಎರಡು ಕೈಯಲ್ಲಿ ಹಿಡಿದು ಕಣ್ಣಿಗೊತ್ತಿಕೊಂಡರು. "ನನ್ ಎಸ್ರು! ನೋಡ್ರಿ, ದುಂಡುಗೆ ಎಷ್ಟು ಚೆನ್ನಾಗಿ ಬರ್ದೈತೆ ಕೂಸು! ನನ್ ಎಸ್ರು ಬರ್ದು ಒಬ್ರೂ ಕಾಗ್ದ ಆಕಿರ್ಲಿಲ್ಲ ಕಣ್ರಪ್ಪ, ಮದ್ವೆ ಕಾಗ್ದನೂ ನಮ್ಮೆಜಮಾನ್ರ ಎಸ್ರಿಗೇ ಬತ್ತಿತ್ತು." ರಾಮಣ್ಣ ತಮ್ಮ ಕಾರ್ಡಿಗೆ ಆಗಲೇ ರಾಗ ಹಾಕುತ್ತಿದ್ದರು. ಗೌರೀಶ ತನ್ನ ಕಾರ್ಡನ್ನು ತನಗೇ ಡೆಲಿವರಿ ಮಾಡಿಕೊಂಡು, ಬೈಕಿನ ಮೇಲೆ ಕೂತು ಮೂಗು ಒರೆಸಿಕೊಳ್ಳುತ್ತಿದ್ದ. ಒಂದೊಂದೇ ಮನೆಯಿಂದ ಜನ ಕಾರ್ಡು ಹಿಡಿದು ಹೊರಗೆ ಬಂದರು. ನಿನ್ನದು ತೋರಿಸು, ನನ್ನದು ನೋಡು ಅಂತ ಬೀದಿಯೆಲ್ಲ ಸಡಗರ.

ಆಗ ಸರಸಮ್ಮನ ಕಣ್ಣು ಜಗಲಿಯ ಮೇಲೆ ಬಿತ್ತು.

"ಬೋರಣ್ಣಂಗೆ ಬರ್ಲಿಲ್ವಾ?"

ಗೌರೀಶ ಚೀಲ ಬೋರಲು ಹಾಕಿ ಕೊಡವಿದ. ಬ್ಯಾಂಕಿನ ಒಂದು ನೋಟೀಸು ಬಿತ್ತು, ಅದೂ ಬೇರೆಯವರದು.

"ಇಲ್ಲ ಕಣಮ್ಮ. ಬೀದಿಗೆಲ್ಲಾ ಬಂದೈತೆ. ಸಾಹೇಬ್ರಿಗೊಬ್ರಿಗೇ ಇಲ್ಲ."

ಬೀದಿಗೆ ಬೀದಿಯೇ ಮೌನವಾಯಿತು. ಬೋರಪ್ಪನವರಿಗೆ ಬೇಕಾಗಿದ್ದ ಮೌನ ಇದಾಗಿರಲಿಲ್ಲ.

"ಕಾರ್ಡ್ ಬರೀತಿದ್ದೊಂದ್ ಮಗಾನೂ ಕೈ ಬುಡ್ತಾ!" ಅಂದರು ರಾಮಣ್ಣ. "ನೋಡ್ರಪ್ಪ, ನಮ್ಗಾದ್ರೂ ಬರೆಯೋರು ಅವ್ರೆ. ಇನ್ಮೇಲೆ ಬೋರಪ್ನೋರ್ನ ಒಂದ್ ಗಳ್ಗೆನೂ ಒಬ್ರನ್ನೇ ಬುಡಂಗಿಲ್ಲ. ಬೆಳಿಗ್ಗೆ ಸರಸಮ್ಮೋರು, ಮಧ್ಯಾನ ನಾನು, ಸಂಜೆ ಹೊಳೆ ತಾವ್ಕೆ ಗೌರೀಶ ಜೊತೇಲಿ ಓಗ್ಲಿ."

"ನಾನೇ ಏಳಿ ತೆಗೆಸಿದ್ದು ಕಣ್ರೀ ನನ್ ಎಸ್ರುನ!" ಬೋರಪ್ಪನವರು ಎದ್ದು ನಿಂತು ಕೂಗಿದರು. "ನಿಮ್ ಎಸ್ರು ಕೊಟ್ಟೋನೂ ನಾನೇ! ನೀವು ಬೈಲಿ ಅಂತ ಕೊಟ್ಟಿದ್ದು!"

ಯಾರೂ ಬೈಯಲಿಲ್ಲ. ಸರಸಮ್ಮನ ಕಣ್ಣು ತುಂಬಿಬಂತು.

"ಕೇಳಿದ್ರಾ? ತನಗೆ ಬರೋದನ್ನ ಬುಟ್ಟು ನಮ್ಗೆ ಕೊಡಿಸವ್ರೆ ದ್ಯಾವ್ರಂತ ಮನ್ಸ!" ಅಂದು ಅವರು ಜಗಲಿ ಹತ್ತಿ ಕೂತರು. ಅವರ ಹಿಂದೆ ರಾಮಣ್ಣ, ರಾಮಣ್ಣನ ಹಿಂದೆ ಹಾರ್ಮೋನಿಯಂ, ಅದರ ಹಿಂದೆ ಕಾರ್ಡು ಹಿಡಿದ ಉಳಿದವರು.

"ನಾನು ಒಂಟಿ ಅಲ್ಲ!" ಅಂದರು ಬೋರಪ್ಪ.

"ಗೊತ್ತು ಬುಡಿ, ನಾವಿಲ್ವಾ," ಅಂದರು ಸರಸಮ್ಮ. "ವಸಿ ಅತ್ಲಾಗೆ ಸರ್ಕಳಿ, ಜಾಗ ಸಾಲ್ದು."

ಬೋರಪ್ಪನವರು ಕೈ ಕಟ್ಟಿಕೊಂಡು, ತಮ್ಮ ಜಗಲಿಯ ನಟ್ಟನಡುವೆ, ಇದ್ದಲ್ಲಿಂದ ಒಂದು ಅಂಗುಲವೂ ಸರಿಯದೆ ಗಟ್ಟಿಯಾಗಿ ಕೂತರು. ಉಳಿದವರೇ ಎರಡೂ ಕಡೆಯಿಂದ ಒತ್ತಿಕೊಂಡು ಕೂತರು.